ಚುಕ್ಕೆ ಗೆರೆಯ ಮಗಳು

ಕಣಕಟ್ಟೆ
20-2-2006, ಸೋಮವಾರ

ಚಿ.ಸೌ. ಇಂದುಗೆ ನಿನ್ನ ಅಮ್ಮನ ಆಶೀರ್ವಾದ.

ನಾವಿಲ್ಲಿ ಕ್ಷೇಮ ಎಂದು ಬರೆಯುವ ಜಾಗ ಇದು. ಅಭ್ಯಾಸವಾದ ಕೈ ಅದನ್ನೇ ಬರೆಯಲು ಹೋಗಿತ್ತು, ನಿಲ್ಲಿಸಿದೆ. ನಿನ್ನ ಅಪ್ಪ ಊಟ ಮಾಡುತ್ತಾರೆ, ತೋಟಕ್ಕೆ ಹೋಗುತ್ತಾರೆ, ಬರುತ್ತಾರೆ. ನಾನು ಅಂಗನವಾಡಿಗೆ ಹೋಗಿ ಮಕ್ಕಳ ತೂಕ ಬರೆದು ಬರುತ್ತೇನೆ. ನಿನ್ನ ಕೂಸು ಸಿದ್ಧಾರ್ಥ ಹೋಗಿ ಐದು ತಿಂಗಳಾಯಿತು, ನನಗೆ ಇನ್ನೂ ಅಳು ಬಂದಿಲ್ಲ. ಮೊದಮೊದಲು ಬರಲಿ ಎಂದು ಕಾಯುತ್ತಿದ್ದೆ, ಈಗ ಕಾಯುವುದನ್ನೂ ಬಿಟ್ಟಿದ್ದೇನೆ. ಹಾಲು ಉಕ್ಕಿ ಒಲೆ ಆರಿದರೂ ಎದುರಿಗೇ ಕೂತಿರುತ್ತೇನೆ ಎಂದು ನಿನ್ನ ಅಪ್ಪ ಬೈಯುತ್ತಾರೆ.

ಹೋದ ವಾರ ಪುಟ್ಟರಾಜು ಫೋನ್ ಮಾಡಿದ್ದರು. ನಿನಗೆ ಎರಡು ತಿಂಗಳು ಎಂದರು. ನೀನು ಯಾರ ಹತ್ತಿರವೂ ಮಾತಾಡುತ್ತಿಲ್ಲ ಎಂದೂ ಹೇಳಿದರು. ನಿನ್ನ ಅತ್ತೆ ಈಗಲೂ ಬಂದವರ ಮುಂದೆಲ್ಲ "ಇದ್ದೊಂದು ಮಗೀನ ನೋಡ್ಕಳಕ್ಕಾಗ್ಲಿಲ್ಲ ಇವ್ಳಿಗೆ" ಅನ್ನುತ್ತಾರಂತೆ, ನೀನು ತಲೆ ಎತ್ತದೆ ಕೇಳಿಸಿಕೊಳ್ಳುತ್ತೀಯಂತೆ. ಅಳಿಯಂದಿರಿಗೆ ಹೂಂ ಎಂದು ಫೋನ್ ಇಟ್ಟೆ. ನಿನಗೆ ಹೇಳಬೇಕಾದ್ದು ಇದೆ. ಅಂಚೆಯಲ್ಲಿ ಹಾಕಿದರೆ ಯಾರು ಮೊದಲು ಒಡೆಯುತ್ತಾರೋ ಗೊತ್ತಿಲ್ಲ, ಅದಕ್ಕೇ ಚಿಕ್ಕಣ್ಣನ ಕೈಯಲ್ಲಿ ಕಳಿಸುತ್ತಿದ್ದೇನೆ. ಬೇಲೂರು ಸಂತೆಗೆ ಕಾಯಿ ಹಾಕಿ ಬಿಕ್ಕೋಡಿಗೆ ಬಂದು ನಿನ್ನ ಕೈಗೇ ಕೊಡುತ್ತಾನೆ. ಒಬ್ಬಳೇ ಇದ್ದಾಗ ಓದು.

ಇಂದು, ನಿನ್ನ ಮಗ ಹೋದದ್ದು ನೀನು ನೋಡಿಕೊಳ್ಳದೆ ಅಲ್ಲ. ಒಂದೂವರೆ ವರ್ಷದ ಮಕ್ಕಳೆಲ್ಲ ಮೆಟ್ಟಿಲಿನಿಂದ ಬೀಳುತ್ತವೆ, ಅತ್ತು ಎದ್ದು ಓಡುತ್ತವೆ. ಅವನಿಗೆ ಹೊರಗೆ ಒಂದು ಗೀರೂ ಇರಲಿಲ್ಲ ಎಂದು ನೀನೇ ಹೇಳಿದ್ದೆ. ರಕ್ತ ತಲೆಯ ಒಳಗೇ ಸುರಿದಿದೆ, ನಿಂತಿಲ್ಲ. ಅದು ನಿಲ್ಲುವ ರಕ್ತವೇ ಆಗಿರಲಿಲ್ಲ. ಅದು ನಮ್ಮ ಕಡೆಯಿಂದ ಬಂದದ್ದು, ನನ್ನಿಂದ ನಿನಗೆ, ನಿನ್ನಿಂದ ಅವನಿಗೆ.

ಇದು ಹೇಗೆ ಗೊತ್ತು ಎಂದು ಕೇಳುತ್ತೀಯ. ಮೂರು ವರ್ಷದ ಹಿಂದೆ, ನಿನ್ನ ಮದುವೆಯಾಗಿ ನಾಲ್ಕು ತಿಂಗಳಾಗಿತ್ತು, ಬೆಂಗಳೂರಿನಿಂದ ಒಂದು ತಂಡ ಅರಸೀಕೆರೆಗೆ ಬಂದಿತ್ತು. ವಂಶವಾಹಿಯ ಪರೀಕ್ಷೆಯನ್ನು ಹಳ್ಳಿಯವರಿಗೆ ಪುಕ್ಕಟೆ ಮಾಡಿಸುವ ಯೋಜನೆ. ಅಂಗನವಾಡಿಯವರನ್ನೆಲ್ಲ ಕೂರಿಸಿಕೊಂಡು ಡಾಕ್ಟರ್ ಹೇಮಾಶ್ರೀ ಎಂಬುವವರು ಪಾಠ ಹೇಳಿದರು. "ದುಡ್ಡಿರೋರು ತಮ್ಮ ವಂಶದಲ್ಲಿ ಏನು ಕಾಯಿಲೆ ಇದೆ ಅಂತ ಬೆಂಗಳೂರಿಗೆ ಬಂದು ತಿಳ್ಕೊಂಡು ಹೋಗ್ತಾರೆ. ಬಸ್ ಚಾರ್ಜಿಗೆ ಹಿಂದೆ ಮುಂದೆ ನೋಡೋರಿಗೆ ಮಗು ಸತ್ತ ಮೇಲೂ ಯಾಕೆ ಅಂತ ಗೊತ್ತಾಗಲ್ಲ. ಅವರ ಮನೆಗೆ ನಾವೇ ಹೋಗ್ಬೇಕು ಕಣ್ರಮ್ಮ" ಎಂದರು. ಆ ಮಾತು ನನಗೆ ಬಹಳ ಹಿಡಿಸಿತ್ತು. ನಮ್ಮ ಕೇರಿಗೆ ಯಾರಾದರೂ ಏನಾದರೂ ಹೇಳಲು ತಾವೇ ಬಂದದ್ದು ಕಡಿಮೆ.

ಮನೆಮನೆಗೆ ಹೋಗಿ ಮೂರು ತಲೆಮಾರು ಬರೆಯುವುದು ನಮ್ಮ ಕೆಲಸ. ಗಂಡಸಿಗೆ ಚೌಕ, ಹೆಂಗಸಿಗೆ ಸೊನ್ನೆ, ತೀರಿಕೊಂಡವರ ಮೇಲೆ ಅಡ್ಡಗೆರೆ. ಯಾವ ಮನೆಯಲ್ಲಿ ಅನುಮಾನ ಬರುತ್ತದೋ ಅಲ್ಲಿ ಅವರು ರಕ್ತ ತೆಗೆಯುತ್ತಿದ್ದರು. ನಮ್ಮ ಜನ ಸತ್ತ ಮಕ್ಕಳನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲವಲ್ಲ. ಕರಿಯಯ್ಯನ ಹೆಂಡತಿ ಮೂರು ಮಕ್ಕಳು ಎಂದಳು. ನಾನು ಬಿಡಲಿಲ್ಲ, ಆ ಬಾಣಂತನ ಯಾರು ಮಾಡಿದರು, ಈ ಬಾಣಂತನ ಎಲ್ಲಾಯಿತು ಎಂದು ಕೆದಕಿ ಐದು ಬರೆದುಕೊಂಡು ಬಂದೆ. ಮುಚ್ಚಿಟ್ಟರೆ ನಿಮ್ಮ ಮಕ್ಕಳಿಗೇ ನಷ್ಟ ಎಂದು ಗದರಿಸಿಯೂ ಬಂದೆ. ಶಿವಗಂಗಮ್ಮನವರ ಹಾಳೆಗಳಲ್ಲಿ ಒಂದು ತಪ್ಪಿಲ್ಲ ಎಂದು ಡಾಕ್ಟರಮ್ಮ ಎಲ್ಲರ ಮುಂದೆ ಹೇಳಿದರು. ನಾನು ಉಬ್ಬಿಹೋಗಿದ್ದೆ.

ಹಳೇಬೀಡಿನಲ್ಲಿ ನಿನ್ನ ದೊಡ್ಡಮ್ಮನ, ನನ್ನ ಒಡಹುಟ್ಟಿದ ಅಕ್ಕನ ಮನೆಯಲ್ಲೂ ಬರೆದರು. ಅಲ್ಲಿ ಅಕ್ಕನ ಮಗಳು ಲತಾಮಣಿಯ ತಮ್ಮ ಹಲ್ಲು ಬಿದ್ದು ರಕ್ತ ನಿಲ್ಲದೆ ಹೋಗಿದ್ದನಲ್ಲ. ಅವಳ ರಕ್ತ ತೆಗೆದು ಬೆಂಗಳೂರಿಗೆ ಕಳಿಸಿದರು. ಹಿಮೋಫಿಲಿಯಾ ಎಂದು ಬಂತು, ನಮ್ಮವರು ಕುಸುಮ ರೋಗ ಅನ್ನುತ್ತಾರೆ. ಹೆಂಗಸರು ಅದನ್ನು ಗೊತ್ತಿಲ್ಲದೆ ಹೊತ್ತಿರುತ್ತಾರೆ, ಗಂಡು ಮಕ್ಕಳಿಗೆ ಹೊರಗೆ ಬರುತ್ತದೆ. ಆಮೇಲೆ ಲತಾಮಣಿಗೆ ಗಂಡಾಯಿತು, ಅವನಿಗೂ ಇದೆ. ಆದರೆ ಅವಳಿಗೆ ಮೊದಲೇ ಗೊತ್ತಿತ್ತು. ಕಿವಿ ಚುಚ್ಚಿಸಬಾರದು, ಪೆಟ್ಟಾದರೆ ಹಾಸನಕ್ಕೆ ಕರೆದುಕೊಂಡು ಹೋಗಿ ಇಂಥ ಔಷಧಿ ಏರಿಸಬೇಕು ಎಂದು ಒಂದು ಕೆಂಪು ಚೀಟಿ ಕೊಟ್ಟಿದ್ದಾರೆ, ಕ್ಯಾಲೆಂಡರಿನ ಮೊಳೆಗೆ ನೇತುಹಾಕಿದ್ದಾಳೆ. ನಮ್ಮ ಸಿದ್ಧಾರ್ಥನಿಗಿಂತ ಇಪ್ಪತ್ತು ದಿನಕ್ಕೆ ದೊಡ್ಡವನು. ಮೊನ್ನೆ ಹೋಗಿದ್ದೆ, ಬಾಗಿಲಲ್ಲಿ ಕೂತು ಕಡಲೆಕಾಯಿ ಸುಲಿಯುತ್ತಿದ್ದ. ಅವನ ಬೋಳು ಕಿವಿ ನೋಡಿ ನಿನ್ನ ಅತ್ತೆ ಹೋದ ವರ್ಷ ಒಂದು ಮದುವೆ ಮನೆಯಲ್ಲಿ ನಕ್ಕಿದ್ದರು, ನೆನಪಿರಬೇಕು. ನಾನೂ ಪಕ್ಕದಲ್ಲೇ ಕೂತಿದ್ದೆ. ಒಬ್ಬರ ಮನೆಯ ಪರೀಕ್ಷೆಯ ವಿಷಯ ಇನ್ನೊಬ್ಬರಿಗೆ ಹೇಳಬಾರದು ಎಂದು ನಮಗೆ ಕಟ್ಟುನಿಟ್ಟಾಗಿ ಹೇಳಿದ್ದರು. ಆ ಮಾತು ನನಗೆ ಅನುಕೂಲವೇ ಆಯಿತು.

ಹಾಗಾದರೆ ನನ್ನ ರಕ್ತ ಯಾಕೆ ತೆಗೆಯಲಿಲ್ಲ ಎಂದು ನೀನು ಕೇಳಬೇಕು. ಕೇಳುತ್ತೀಯ, ನೀನು ದಡ್ಡಿಯಲ್ಲ.

ನೀನು ಕೊಂಡ ಮಗಳು ಎಂದು ರೇಗಿಸಿಯೇ ಬೆಳೆಸಿದ್ದೇವೆ. ಹಟ ಮಾಡಿದಾಗಲೆಲ್ಲ ಲಲಿತಮ್ಮನ ಮನೆಗೆ ವಾಪಸು ಕೊಟ್ಟುಬಿಡುತ್ತೇನೆ ಅನ್ನುತ್ತಿದ್ದೆ, ನೀನು ನಿನ್ನ ಚೀಲ ತಗೊಂಡು ಹೊರಟೇ ಬಿಡುತ್ತಿದ್ದೆ. ಅದು ತಮಾಷೆ ಎಂದುಕೊಂಡಿದ್ದೀಯ. ನಿನಗಿಂತ ಮುಂಚೆ ಇಬ್ಬರು ಹೋದರು ಎಂದಷ್ಟೇ ನಿನಗೆ ಗೊತ್ತು. ದೊಡ್ಡವನು ಹೊಸಿಲಿನ ಮೇಲೆ ಬಿದ್ದು ತುಟಿ ಕಚ್ಚಿಕೊಂಡ, ನಾಲ್ಕು ದಿನ ರಕ್ತ ಬಂತು. ಎರಡನೆಯವನಿಗೆ ಮೊಣಕಾಲು ಊದಿಕೊಳ್ಳುತ್ತಿತ್ತು, ಒಂದು ದಿನ ತೊಟ್ಟಿಲಿನಿಂದ ಬಿದ್ದ. ಇಬ್ಬರೂ ಎರಡು ವರ್ಷ ತುಂಬಲಿಲ್ಲ. ದೃಷ್ಟಿ ಎಂದರು, ಮುಂದಿನ ಕೂಸು ನಮ್ಮದಲ್ಲ ಅನ್ನಿಸಿದರೆ ಉಳಿಯುತ್ತದೆ ಎಂದರು. ನೀನು ಹುಟ್ಟಿದ ಮೂರನೇ ದಿನ ನಿನ್ನ ಅಜ್ಜಿ ನಿನ್ನನ್ನು ಹಳೇ ಸೀರೆಯಲ್ಲಿ ಸುತ್ತಿ ಹಿತ್ತಿಲ ತಿಪ್ಪೆಯ ಮೇಲೆ ಮಲಗಿಸಿದರು. ಆ ದಾರಿಯಲ್ಲಿ ಬಂದವಳ ಹಾಗೆ ಲಲಿತಮ್ಮ ಬಂದು "ಯಾರ್ದೋ ಕೂಸು, ನಂದಾಯ್ತು" ಎಂದು ಎತ್ತಿಕೊಂಡಳು. ಮಾರ್ತೀಯೇನವ್ವ ಎಂದು ಅಜ್ಜಿ ಕೇಳಿದರು. "ಒಂದ್ ಮೊರ ರಾಗಿ ಕೊಟ್ಟು ತಗೊಂಡೋಗವ್ವ" ಎಂದಳು. ನಾನು ಬಾಗಿಲಲ್ಲಿ ನಿಂತು, ಇದು ನನ್ನ ಹೊಟ್ಟೇದಲ್ಲ ಎಂದು ಮೂರು ಸಲ ಹೇಳಬೇಕಿತ್ತು. ಹೇಳಿದೆ. ಎದೆಹಾಲು ಸೋರಿ ಸೀರೆ ಒದ್ದೆಯಾಗಿತ್ತು, ಹಾಗೇ ನಿಂತು ಹೇಳಿದೆ. ಇನ್ನು ಮುಂದೆ ಯಾರು ಕೇಳಿದರೂ ಬೇರೆ ಮಾತು ಆಡಬಾರದು, ಆಡಿದರೆ ಇದೂ ಉಳಿಯುವುದಿಲ್ಲ ಎಂದರು ಅಜ್ಜಿ.

ನೀನು ಉಳಿದೆ. ಊರಿಗೆ ಅದೇ ಸಾಕ್ಷಿ, ನನಗೂ ಅದೇ. ಸಿದ್ಧಾರ್ಥನ ಕಿವಿ ಚುಚ್ಚುವಾಗ ಸೋದರಮಾವ ಎಂದು ಚಿಕ್ಕಣ್ಣ ತೊಡೆಯ ಮೇಲೆ ಕೂರಿಸಿಕೊಂಡದ್ದು ಯಾಕೆ ಅಂದುಕೊಂಡೆ? ಲಲಿತಮ್ಮನ ಮಗ, ಆ ಲೆಕ್ಕಕ್ಕೆ ನಿನ್ನ ಅಣ್ಣ. ನೀನು ಉಳಿದದ್ದು ಹೆಣ್ಣಾಗಿದ್ದಕ್ಕೆ, ತಿಪ್ಪೆಗೂ ರಾಗಿಗೂ ಅದರಲ್ಲಿ ಏನೂ ಕೆಲಸವಿರಲಿಲ್ಲ ಎಂದು ಡಾಕ್ಟರಮ್ಮ ಈಗ ಹೇಳುತ್ತಾರೆ.

ಯೋಜನೆಯ ಹಾಳೆಯಲ್ಲಿ ಸಾಕಿದ ಮಕ್ಕಳಿಗೆ ನೇರ ಗೆರೆ ಇಲ್ಲ, ಚುಕ್ಕೆ ಗೆರೆ. ಚುಕ್ಕೆ ಗೆರೆಯವರ ರಕ್ತ ತೆಗೆಯುವುದಿಲ್ಲ. ನಮ್ಮ ಮನೆಯ ಹಾಳೆಯಲ್ಲಿ ನಿನ್ನ ಸೊನ್ನೆಗೆ ಚುಕ್ಕೆ ಗೆರೆ ಎಳೆದಿದೆ, ಕೊಂಡು ಸಾಕಿದ ಮಗಳು ಎಂದು ಬರೆದಿದೆ. ಬೇರೆ ಮಕ್ಕಳಾಗಿಲ್ಲ ಎಂದೂ ಬರೆದಿದೆ. ಅದನ್ನು ನೋಡಿ ಡಾಕ್ಟರಮ್ಮ ನಮ್ಮ ಮನೆಯ ಹಾಳೆ ಪಕ್ಕಕ್ಕಿಟ್ಟರು, ಅವರ ತಪ್ಪಿಲ್ಲ.

ಬರೆದಿದೆ, ಬರೆದಿದೆ ಎಂದು ಯಾಕೆ ಹೇಳಲಿ. ಬರೆದವಳು ನಾನು. ಸ್ಕೇಲ್ ಇಟ್ಟು ಚುಕ್ಕೆ ಹಾಕಿದೆ, ನೀಟಾಗಿ. ಕರಿಯಯ್ಯನ ಹೆಂಡತಿಯನ್ನು ಗದರಿಸಿ ಬಂದ ಸಾಯಂಕಾಲವೇ ಬರೆದದ್ದು. ತಿಪ್ಪೆಯ ಮಾತು ಮುರಿಯಲು ಭಯವಾಯಿತು. ಅದೊಂದೇ ಎಂದರೆ ಸುಳ್ಳು. ನಿನ್ನ ಹೊಸ ಮನೆಗೆ ಸುದ್ದಿ ಹೋದರೆ ಕೆಟ್ಟ ರಕ್ತದ ಹುಡುಗಿ ತಂದರು ಎನ್ನುತ್ತಾರೆ ಎಂಬ ಭಯವೂ ಇತ್ತು. ಊರಿನ ಹೆಂಗಸರಿಗೆಲ್ಲ ಹೇಳಿದ ಬುದ್ಧಿ ನನಗೆ ಬೇಕಾಗಿರಲಿಲ್ಲ.

ಇನ್ನೂ ಒಂದಿದೆ. ಅವನ ಕಿವಿ ಚುಚ್ಚಿದ ದಿನ ಅಕ್ಕಸಾಲಿ ಹೋದ ಮೇಲೂ ರಕ್ತ ಜಿನುಗುತ್ತಿತ್ತಲ್ಲ. ಅರಿಸಿನ ಹಾಕಿದೆವು, ಕಾಫಿಪುಡಿ ಒತ್ತಿದೆವು. ಎರಡನೇ ದಿನ ಬೆಳಗ್ಗೆ ಆ ಪುಡಿ ಒದ್ದೆಯಾಗಿತ್ತು. ಅದನ್ನು ಬೆರಳಲ್ಲಿ ಮುಟ್ಟಿದಾಗಲೇ ನನಗೆ ಗೊತ್ತಾಯಿತು. ಗಾಯಕ್ಕೆ ಒತ್ತಿದ್ದ ಬಟ್ಟೆ ಬದಲಾಯಿಸಿ, ಎಲ್ಲರ ಜೊತೆ ಕೂತು ತಿಂಡಿ ತಿಂದೆ, ಹನ್ನೊಂದು ಗಂಟೆಯ ಬಸ್ಸಿಗೆ ಊರಿಗೆ ಬಂದೆ. ಅವನು ಬಿದ್ದದ್ದು ಏಳು ತಿಂಗಳ ಮೇಲೆ. ಏಳು ತಿಂಗಳಲ್ಲಿ ಡಾಕ್ಟರಮ್ಮ ಎರಡು ಸಲ ಅರಸೀಕೆರೆಗೆ ಬಂದಿದ್ದರು, ಎರಡು ಸಲವೂ ನಾನೇ ಟೀ ತರಿಸಿಕೊಟ್ಟೆ. ಹೇಳಲಿಲ್ಲ. ಆಮೇಲೆ ಈ ಐದು ತಿಂಗಳು ನಿನ್ನ ಮೇಲೆ ಅಪವಾದ ಬಂದಾಗಲೂ ಹೇಳಲಿಲ್ಲ. ನೀನು ನನ್ನನ್ನು ಕ್ಷಮಿಸು ಎಂದು ಕೇಳಲು ಈ ಪತ್ರ ಬರೆಯುತ್ತಿಲ್ಲ, ಆ ಮುಖ ನನಗಿಲ್ಲ.

ಹೋದ ಗುರುವಾರ ಅರಸೀಕೆರೆಗೆ ಹೋಗಿ ಡಾಕ್ಟರಮ್ಮನಿಗೆ ಎಲ್ಲ ಹೇಳಿದೆ. ಬೈಯುತ್ತಾರೆ ಎಂದುಕೊಂಡಿದ್ದೆ. ಸುಮ್ಮನೆ ಹೊಸ ಹಾಳೆ ತೆಗೆದು ಮುಂದೆ ಇಟ್ಟು, "ಮಗಳಿಗೆ ಎಷ್ಟು ವಾರ?" ಎಂದು ಕೇಳಿದರು. ಎಂಟು ಎಂದೆ. ಸಮಯ ಇದೆ ಎಂದರು. ಮೊದಲು ನಿನ್ನ ರಕ್ತ ನೋಡಬೇಕು. ಲತಾಮಣಿಯದು ಅವರ ಹತ್ತಿರ ಇರುವುದರಿಂದ ಬೇಗ ತಿಳಿಯುತ್ತದಂತೆ. ಆಮೇಲೆ ಹನ್ನೊಂದನೇ ವಾರದಲ್ಲಿ ಬೆಂಗಳೂರಿಗೆ ಹೋದರೆ ಹೊಟ್ಟೆಯಲ್ಲಿರುವ ಮಗುವಿಗೆ ಇದೆಯೋ ಇಲ್ಲವೋ ಹೇಳುತ್ತಾರೆ. ಖರ್ಚು ಯೋಜನೆಯದು. ಇದ್ದರೆ ಏನು ಮಾಡಬೇಕು ಎನ್ನುವುದು ನಿನ್ನದೂ ಪುಟ್ಟರಾಜುವಿನದೂ ತೀರ್ಮಾನ, ಅತ್ತೆಯದಲ್ಲ, ನನ್ನದಂತೂ ಅಲ್ಲ. ಇಟ್ಟುಕೊಂಡರೂ ಲತಾಮಣಿಯ ಹಾಗೆ ಗೊತ್ತಿದ್ದು ಸಾಕಬಹುದು.

ನಾಳೆ ಬಿಟ್ಟು ಮುಂದಿನ ಮಂಗಳವಾರ, 28ನೇ ತಾರೀಖು, ತಾಲ್ಲೂಕು ಆಸ್ಪತ್ರೆಗೆ ಬಾ. ಬೇಲೂರಿನಿಂದ ಹಳೇಬೀಡು, ಜಾವಗಲ್ ಮೇಲೆ ಬರುವ ಬೆಳಗಿನ ಬಸ್ಸು ಹತ್ತೂವರೆಗೆ ಅರಸೀಕೆರೆ ಮುಟ್ಟುತ್ತದೆ. ಹಳೇಬೀಡಿನಲ್ಲಿ ಲತಾಮಣಿ ಹತ್ತುತ್ತಾಳೆ, ಅವಳಿಗೆ ಹೇಳಿದ್ದೇನೆ. ಪುಟ್ಟರಾಜುಗೆ ಈ ಪತ್ರ ತೋರಿಸು. ಅತ್ತೆಗೂ ತೋರಿಸಬೇಕೆನಿಸಿದರೆ ತೋರಿಸು, ಅವರು ಬೈಯಬೇಕಾದವಳು ಕಣಕಟ್ಟೆಯಲ್ಲಿದ್ದಾಳೆ ಎಂದು ಅವರಿಗೂ ತಿಳಿಯಲಿ. ನನ್ನ ಮೇಲೆ ಸಿಟ್ಟಿದ್ದರೆ ಸಿಟ್ಟಿನಲ್ಲೇ ಬಾ. ಮಾತಾಡಬೇಡ. ನಾನು ಬಸ್ ಸ್ಟ್ಯಾಂಡಿನಲ್ಲಿ ಇರುತ್ತೇನೆ, ಹಿಂದೆ ಹಿಂದೆ ನಡೆದು ಬರುತ್ತೇನೆ.

ಇಂತಿ,
ನಿನ್ನನ್ನು ಹೆತ್ತ ಅಮ್ಮ
ಶಿವಗಂಗಮ್ಮ

ಮರೆತ ಮಾತು: ನಿನ್ನ ಮಗನ ನಾಮಕರಣದ ದಿನ ನಾನು ಮುಖ ಊದಿಸಿಕೊಂಡು ಬೇರೆ ಹೆಸರಿಡಿ ಎಂದಿದ್ದೆ. ಅಳಿಯಂದಿರು ಆರಿಸಿದ ಹೆಸರು ಅಮ್ಮನಿಗೆ ಹಿಡಿಸಲಿಲ್ಲ ಎಂದು ನೀನು ಆರು ತಿಂಗಳು ನನ್ನ ಹತ್ತಿರ ಸರಿಯಾಗಿ ಮಾತಾಡಲಿಲ್ಲ. ನಿನ್ನ ದೊಡ್ಡ ಅಣ್ಣ ಹುಟ್ಟಿದಾಗ ನಿನ್ನ ಅಪ್ಪ ಹಾಸನದಲ್ಲಿ ಒಂದು ಸಭೆಗೆ ಹೋಗಿದ್ದರು, ಅಲ್ಲಿಂದ ಬಂದವರೇ ಸಿದ್ಧಾರ್ಥ ಎಂದು ಹೆಸರಿಟ್ಟರು. ಅವನು ಹೋದ ಮೇಲೆ ಈ ಮನೆಯಲ್ಲಿ ಯಾರೂ ಆ ಹೆಸರು ಹೇಳಿರಲಿಲ್ಲ, ನಿನಗೆ ಹೇಗೆ ಗೊತ್ತಾಗಬೇಕು. ಹೊಸ ಹಾಳೆಯಲ್ಲಿ ನಿನಗೆ ನೇರ ಗೆರೆ ಎಳೆದಿದ್ದೇನೆ. ಆ ಹೆಸರು ಎರಡು ಕಡೆ ಬರುತ್ತದೆ. ಎರಡರ ಮೇಲೂ ಅಡ್ಡಗೆರೆ ಹಾಕಿದ್ದು ನಾನೇ.