ಬಾಲ ಎಡಕ್ಕಿರುವ ಗುರುತು

ಮನೆ,
ಹನ್ನೆರಡನೇ ತಾರೀಕು, ಬುಧವಾರ

ನಮ್ಮ ಮನೆಯ ಚಿಕ್ಕ ದೊರೆಗೆ ಅತ್ತಿಗೆಯ ಪ್ರೀತಿಯ ಆಶೀರ್ವಾದ.

ಹೇಗಿದ್ದೀಯೋ? ಕೆಮ್ಮು ಕಡಿಮೆಯಾಯಿತೇ? ಹೋಗುವಾಗ ಕಟ್ಟಿಕೊಟ್ಟ ಕಂಬಳಿಯನ್ನು ನೀನು ಹಾಸಿಕೊಂಡೇ ಮಲಗುತ್ತೀಯ, ನನಗೆ ಗೊತ್ತು. ಅದು ಹೊದೆಯಲಿಕ್ಕೆ ಕೊಟ್ಟದ್ದು ಮಾರಾಯ. ಇಲ್ಲಿ ಎಲ್ಲರೂ ಕ್ಷೇಮ ಎಂದು ಬರೆಯುವುದು ವಾಡಿಕೆ. ಮಗಳು ಕ್ಷೇಮ. ಮುಂದಿನ ಹಲ್ಲು ಬಿದ್ದಿದೆ, ಚಿಕ್ಕಪ್ಪ ಎನ್ನಲು ಹೋದರೆ ಅರ್ಧ ಗಾಳಿ, ಅರ್ಧ ಎಂಜಲು. ನಾನೂ ಕ್ಷೇಮ. ನಿಮ್ಮಣ್ಣನ ವಿಷಯಕ್ಕೇ ಈ ಕಾಗದ. ಬರೆಯುತ್ತಿರುವುದು ಅವರಿಗೆ ಗೊತ್ತಿಲ್ಲ.

ಮಾವನವರ ಕಾಲದ ಆ ಬ್ಯಾಟರಿ ಪೆನ್ಸಿಲ್ ಮರೆತಿಲ್ಲವಲ್ಲ? ನಾನು ಮದುವೆಯಾಗಿ ಬಂದ ಹೊಸತರಲ್ಲಿ ಅದನ್ನು ಯಾವುದೋ ಮಾಟದ ಕಡ್ಡಿ ಎಂದುಕೊಂಡಿದ್ದೆ. ಒಂದು ತಂತಿಯ ಚಿಮಟವನ್ನು ಸುತ್ತಿಗೆಗೋ ಉಳಿಗೋ ಕಚ್ಚಿಸಿ, ಇನ್ನೊಂದು ತಂತಿಯ ಕಡ್ಡಿಯನ್ನು ಮುಟ್ಟಿಸಿದರೆ ಚಿರ್ರ್ ಎಂದು ಕಿಡಿ. ಕಿಡಿ ಹಾರಿದಲ್ಲೆಲ್ಲ ಉಕ್ಕಿನ ಮೇಲೆ ಗೀಟು. ಹತ್ಯಾರು ನಮ್ಮದೆಂದು ತೋರಿಸಲು ಹಾಕುವ ನಮ್ಮ ಮನೆಯ ಗುರುತೋ, ಒಂದು ಸೊನ್ನೆ, ಅದಕ್ಕೊಂದು ಬಾಲ. ವರ್ಕ್‌ಶಾಪಿನವರು ಅದಕ್ಕೆ ಗೊದಮೊಟ್ಟೆ ಎಂದೇ ಹೆಸರಿಟ್ಟಿದ್ದರು. ಮಾವ ಬರೆದರೂ, ನಿಮ್ಮಣ್ಣ ಬರೆದರೂ ಬಾಲ ಬಲಕ್ಕೆ. ಎಡಚನಾದ ನೀನು ಬರೆದರೆ ಮಾತ್ರ ಎಡಕ್ಕೆ, ಅದೂ ತುದಿ ಮೇಲಕ್ಕೆತ್ತಿಕೊಂಡು. "ಇವನ ಗೊದಮೊಟ್ಟೆ ಹೊಳೆಗೆ ಎದುರಾಗಿ ಈಜುತ್ತೆ" ಅಂತ ಮಾವ ಎಷ್ಟು ನಗುತ್ತಿದ್ದರು! ನಾವೂ ನಕ್ಕೆವು. ಆಗಲೇ ಒಂದು ಬಾರಿಸಬೇಕಿತ್ತು.

ಹೋದ ತಿಂಗಳು ಲೇತಿನ ಅಜ್ಜ, ನೀವೆಲ್ಲ ಅಳತೆಯಜ್ಜ ಎನ್ನುತ್ತೀರಲ್ಲ, ಅವರು ಕಬ್ಬಿಣ ಉಜ್ಜುವ ಅರ ಕೇಳಿಕೊಂಡು ಬಂದು ನಿಮ್ಮಣ್ಣನ ಪೆಟ್ಟಿಗೆ ತೆಗೆದರು. ಅರದ ಕೆಳಗೆ ಅವರ ಕಳೆದುಹೋದ ಮೂಲಮಟ್ಟ. ಕೋನ ನೋಡುವ ಆ ಮೂಲಮಟ್ಟವನ್ನು ಅವರು ಯಾರ ಕೈಗೂ ಕೊಟ್ಟವರಲ್ಲ. ಅದರ ಮೇಲೆ ನಮ್ಮ ಗುರುತು. ಬೆಳಕಿಗೆ ಹಿಡಿದು, ಎಲ್ಲರ ಮುಂದೆ, "ನನ್ನ ಮೂಲಮಟ್ಟಕ್ಕೆ ನಿನ್ನ ಗೊದಮೊಟ್ಟೆ ಯಾವಾಗ ಈಜಿಕೊಂಡು ಬಂತಪ್ಪಾ?" ಎಂದರಂತೆ. ನಿಮ್ಮಣ್ಣ ಬಾಲ ನೋಡಿದರು. ಯಾರ ಕೈ ಎಂದು ಗೊತ್ತಾಯಿತು. "ನಾನೇ ಹಾಕಿದ್ದು" ಎಂದುಬಿಟ್ಟರು. ಯಾಕೆ ಎಂದು ನಿನಗೆ ಬಿಡಿಸಿ ಹೇಳಬೇಕೇ? ನಿನ್ನ ಈಗಿನ ಧಣಿಗೆ ಮಾತು ಕೊಟ್ಟು ನಿನ್ನನ್ನು ಸೇರಿಸಿದವರು ನಮ್ಮ ವರ್ಕ್‌ಶಾಪಿನ ಮೇಸ್ತ್ರಿ. ಅವರು ಪಕ್ಕದಲ್ಲೇ ನಿಂತಿದ್ದರು.

ಆಗ ನಿನಗೆ ಬರೆದೆ. ನೀನು ಕೊಟ್ಟ ಉತ್ತರ ನನಗೆ ಬಾಯಿಪಾಠ ಆಗಿದೆ: "ಕೆಲಸದ ಪರೀಕ್ಷೆಗೆ ಬೇಕಿತ್ತು ಅತ್ತಿಗೆ, ಕೇಳಿದರೆ ಕೊಡುತ್ತಿರಲಿಲ್ಲ, ತಗೊಂಡೆ. ಯಾರಾದರೂ ಕೇಳಿದರೆ ನಮ್ಮದೇ ಅನ್ನೋಣ ಅಂತ ಗುರುತು ಹಾಕಿದೆ. ಬರುವಾಗ ಅಣ್ಣನ ಪೆಟ್ಟಿಗೆಯಲ್ಲಿಟ್ಟೆ. ಒಂದು ಗೀಟಿಗೆ ಇಷ್ಟು ರಾದ್ಧಾಂತವೇ? ಉಜ್ಜಿಬಿಡಿ." ಅದನ್ನು ಮೇಸ್ತ್ರಿಗೆ ತೋರಿಸೋಣ ಎಂದೆ, ನಿಮ್ಮಣ್ಣ ಕಿತ್ತುಕೊಂಡು ಒಲೆಗೆ ಹಾಕಿದರು. ಉಜ್ಜಿಬಿಡಿಯಂತೆ! ಕಿಡಿ ಕಚ್ಚಿದ ಗೀಟು ಹೋಗಬೇಕಾದರೆ ಉಕ್ಕನ್ನೇ ಸವೆಸಬೇಕು, ಸವೆಸಿದ ಮೇಲೆ ಮೂಲಮಟ್ಟ ಸುಳ್ಳು ಹೇಳುತ್ತದೆ. ಇಷ್ಟು ನಾನೇ ಬಲ್ಲೆ, ನೀನು ಆ ಕೆಲಸ ಕಲಿತವನು. ಅಡಿಕೆಗೆ ಹೋದ ಮಾನ ಎನ್ನುತ್ತಾರೆ. ನಮ್ಮದು ಒಂದು ಬಾಲಕ್ಕೆ ಹೋಯಿತು. ಈಗ ವರ್ಕ್‌ಶಾಪಿನಲ್ಲಿ ನಿಮ್ಮಣ್ಣ ಹತ್ತಿರ ಬಂದರೆ ಪಕ್ಕದವರು ತಮ್ಮ ಪೆಟ್ಟಿಗೆಯ ಮುಚ್ಚಳ ಹಾಕುತ್ತಾರಂತೆ. ನಿಮ್ಮಣ್ಣ ಮನೆಗೆ ಬಂದು ಅದನ್ನೇ ತಮಾಷೆ ಮಾಡಿ ಹೇಳುತ್ತಾರೆ, ನಾನು ನಗಬೇಕು.

ಆದರೆ ಅಳತೆಯಜ್ಜ ಬಿಡುವವರಲ್ಲ. "ಇದು ನಿನ್ನ ಕೈ ಅಲ್ಲ, ಯಾರನ್ನೋ ಮುಚ್ಚಿಡ್ತಿದ್ದೀಯ" ಎಂದು ಹಟ ಹಿಡಿದಿದ್ದಾರೆ. ಬರುವ ಸೋಮವಾರ ನಿಮ್ಮಣ್ಣ ಆ ಪೆನ್ಸಿಲ್ ತೆಗೆದುಕೊಂಡು ಹೋಗಿ, ಎಲ್ಲರೆದುರು ತಗಡಿನ ಮೇಲೆ ಗುರುತು ಬರೆದು ತೋರಿಸಬೇಕು. ಅದೇ ಕೈ ಆದರೆ ನಿಮ್ಮಣ್ಣ ಕೆಲಸ ಬಿಟ್ಟು ನಡೆಯಬೇಕು. ಅಲ್ಲವಾದರೆ ಆ ಗುರುತು ಹಾಕುವವನು ಇನ್ನು ನೀನೊಬ್ಬನೇ, ಮೇಸ್ತ್ರಿ ನಿನ್ನ ಧಣಿಗೆ ಬರೆಯುತ್ತಾರೆ. ಹುಟ್ಟಿದ ಕೈಯನ್ನು ಯಾರು ಬದಲಾಯಿಸಲಾದೀತು? ಸೋಮವಾರ ನೀನು ಸಿಕ್ಕಿಬೀಳುವುದು ಖಂಡಿತ. ಅದಕ್ಕೆ ಮೊದಲು ನೀನೇ ಬಂದು ಹೇಳು. ಬಾಯಿಬಿಟ್ಟವನಿಗೆ ಬೈಗುಳ, ಸಿಕ್ಕಿಬಿದ್ದವನಿಗೆ ಬಾಗಿಲು. ಬೈಗುಳವನ್ನು ನಾನೂ ಪಕ್ಕದಲ್ಲಿ ನಿಂತು ಹಂಚಿಕೊಳ್ಳುತ್ತೇನೆ, ನನಗೆ ಅಭ್ಯಾಸವಾಗಿದೆ.

ಹೊತ್ತು ಹೊತ್ತಿಗೆ ಊಟ ಮಾಡು. ನಿನಗೆ ಒಳ್ಳೆಯದಾಗಲಿ ಎಂದು ಈಗಲೂ ಬಾಯಿಗೆ ಬರುತ್ತದೆ, ಏನು ಮಾಡಲಿ.

ಬೈದುಕೊಂಡೇ ಹರಸುವ,
ನಿನ್ನ ಅತ್ತಿಗೆ

ಮತ್ತೆ: ಲಕೋಟೆ ಅಂಟಿಸುವ ಮುಂಚೆ ಬಟ್ಟೆ ಒಣಹಾಕಲು ಹಿತ್ತಲಿಗೆ ಹೋಗಿದ್ದೆ. ಬಚ್ಚಲ ಗೋಡೆಯ ಹಿಂದೆ ಚಿರ್ರ್ ಎಂಬ ಸದ್ದು. ನಿಮ್ಮಣ್ಣ ಕುಕ್ಕರಗಾಲಲ್ಲಿ ಕೂತು ಹಳೆಯ ಡಬ್ಬಿಗಳ ತಗಡಿನ ಮೇಲೆ ಗುರುತು ಬರೆಯುತ್ತಿದ್ದರು. ನನ್ನನ್ನು ನೋಡಲಿಲ್ಲ. ಅವರು ಒಳಗೆ ಹೋದ ಮೇಲೆ ತಗಡುಗಳನ್ನು ತೆಗೆದು ನೋಡಿದೆ. ಮೊದಮೊದಲು ಬರೆದವುಗಳ ಬಾಲ ಅತ್ತ ಇತ್ತ ನಡುಗಿದೆ. ಕೊನೆಯ ತಗಡಿನಲ್ಲಿ ಎಲ್ಲ ಎಡಕ್ಕೆ, ತುದಿ ಮೇಲಕ್ಕೆ, ಥೇಟು ನಿನ್ನದೇ. ನೀನು ಬರದಿದ್ದರೆ ಸೋಮವಾರ ಅವರೇ ಗೆಲ್ಲುತ್ತಾರೆ.