ತುದಿ ಸಿಗದ ಗೂಡು

ರಾಮನಗರ,
೧೬ ಜುಲೈ ೨೦೨೫

ಪ್ರೀತಿಯ ತಂಗಿ ಕೆಹಕಶಾನ್, ಅಸ್ಸಲಾಮು ಅಲೈಕುಂ.

ಹೇಗಿದ್ದೀಯ? ಶಿವಮೊಗ್ಗದ ಹಾಸ್ಟೆಲಿನಲ್ಲಿ ಹೊಟ್ಟೆ ತುಂಬ ಉಣ್ಣುತ್ತೀಯಾ, ಇಲ್ಲ ನರ್ಸಿಂಗ್ ಪುಸ್ತಕ ಹಿಡಿದು ಚಾ ಕುಡಿದೇ ದಿನ ತಳ್ಳುತ್ತೀಯಾ? ಫೋನಿರುವಾಗ ಕಾಗದ ಯಾಕೆ ಎಂದು ನಗಬೇಡ. ನಾನು ಫೋನ್ ಎತ್ತಿದರೆ ಅತ್ತೆಯ ಕಿವಿಯೂ ಪಕ್ಕಕ್ಕೆ ಬಂದು ಕೂರುತ್ತದೆ.

ಮೊದಲು ನಿನಗೆ ಶುಕ್ರಿಯಾ. ನನ್ನ ಎದೆಯ ಗಂಟಿನ ರಿಪೋರ್ಟುಗಳಿಗೆ ನೀನು ಎನ್‌ಕ್ರಿಪ್ಷನ್ ಹಾಕಿಕೊಟ್ಟಾಗ, ಫೋನಿಗೆ ಲಾಕ್ ಇದೆಯಲ್ಲ, ಇದೆಲ್ಲ ಯಾಕೆ ಎಂದು ಬೈದಿದ್ದೆ. ಹೋದ ವಾರ ಆ ಫೋನು ಕೈಜಾರಿ ರೇಷ್ಮೆ ನೂಲು ಬಿಚ್ಚುವ ತೊಟ್ಟಿಯ ಬಿಸಿನೀರಿಗೆ ಬಿತ್ತು. ಅದರಲ್ಲಿರುವುದನ್ನು ಬೇರೆ ಫೋನಿಗೆ ಹಾಕು ಎಂದು ಮೊಬೈಲ್ ಅಂಗಡಿಯ ನಟರಾಜುಗೆ ಕೊಟ್ಟೆ. ನಿನ್ನ ಭಾವನ ಜೊತೆ ದಿನಾ ಚಾ ಕುಡಿಯುತ್ತಾನಲ್ಲ, ಅವನೇ. ಊರವರೆಲ್ಲ ಮಾಡುವಂತೆ ಲಾಕಿನ ನಂಬರನ್ನು ಚೀಟಿಯಲ್ಲಿ ಬರೆದು ಫೋನಿನ ಬೆನ್ನಿಗೇ ಅಂಟಿಸಿದ್ದೆ, ಜಾಣೆ ನಾನು! ಮೂರು ದಿನ ಬಿಟ್ಟು ಹೋದರೆ, ‘ಎಲ್ಲಾ ಕಾಪಿ ಆಗೈತೆ ಕಣಕ್ಕಾ. ಒಂದ್ ಫೈಲ್ ಮಾತ್ರ ಕೆಟ್ಟೋಗೈತೆ, ತೆಗುದ್ರೆ ಬರೀ ಗೀಚ್ದಂಗೆ ಬತ್ತೈತೆ. ಅಳಿಸ್ಬುಡ್ಲಾ?’ ಎಂದ. ಅದು ನನ್ನ ರಿಪೋರ್ಟುಗಳ ಫೈಲೇ! ‘ಬ್ಯಾಡಪ್ಪಾ, ಹಂಗೇ ಇರ್ಲಿ’ ಎಂದೆ.

ನೀನು ಹೇಳಿದ್ದು ಆಗ ಅರ್ಥವಾಯಿತು. ಲಾಕ್ ಬರೀ ಬಾಗಿಲು, ಚೀಟಿ ಸಿಕ್ಕವರು ಒಳಗೆ ಬರುತ್ತಾರೆ. ಎನ್‌ಕ್ರಿಪ್ಷನ್ ಒಳಗಿನ ಅಕ್ಷರಗಳನ್ನೇ ಕಲಸಿಬಿಡುತ್ತದೆ. ನಮ್ಮ ರೇಷ್ಮೆಗೂಡಿನ ಹಾಗೆ, ತುದಿ ಸಿಕ್ಕರೆ ಎಳೆ ಪೂರ್ತಿ ಬಿಚ್ಚುತ್ತದೆ, ಸಿಗದಿದ್ದರೆ ಬರೀ ಗೋಜಲು. ಆ ತುದಿಯೇ ಪಾಸ್‌ವರ್ಡ್. ‘ಅದನ್ನು ನನಗೂ ಹೇಳಬೇಡ ಆಪಾ, ಆದರೆ ಮರೆತರೆ ನಾನೂ ತೆಗೆಯಲಾರೆ’ ಎಂದಿದ್ದೆಯಲ್ಲ. ನಟರಾಜು ಕೆಟ್ಟವನಲ್ಲ. ಆದರೂ ಅವನ ಬಾಯಿಂದ ಗಂಟಿನ ವಿಷಯ ನಿನ್ನ ಭಾವನ ಕಿವಿಗೆ ಬಿದ್ದಿದ್ದರೆ? ನನ್ನ ಗಂಡನಿಗೆ ನಾನೇ ಹೇಳುವ ಮಾತನ್ನು ನನಗಾಗಿ ಉಳಿಸಿಕೊಟ್ಟೆ, ತಂಗಿ. ಬದುಕಿರುವ ತನಕ ಮರೆಯುವುದಿಲ್ಲ.

ನಿನ್ನ ಪರೀಕ್ಷೆಗೆ ದುವಾ ಮಾಡುತ್ತಿದ್ದೇನೆ. ಅಲ್ಲಾಹ್ ನಿನ್ನನ್ನು ತಣ್ಣಗಿಟ್ಟಿರಲಿ.

ನಿನ್ನ ಆಪಾ,
ಮುನವ್ವರಾ

ಮರೆತಿದ್ದೆ: ನಿನ್ನೆ ಗೂಡಿನ ಮಾರ್ಕೆಟ್ಟಿನಿಂದ ಬಂದ ನಿನ್ನ ಭಾವನನ್ನು ಮಹಡಿಗೆ ಕರೆದು, ಫೈಲ್ ತೆರೆದು ತೋರಿಸಿದೆ. ಓದಿ ಎಷ್ಟೋ ಹೊತ್ತು ನನ್ನ ಕೈ ಬಿಡಲಿಲ್ಲ. ಸೋಮವಾರ ಆಪರೇಷನ್. ಬೇಗ ಗೊತ್ತಾಗಿದೆ, ಹೆದರಬೇಡಿ ಎಂದಿದ್ದಾರೆ ಡಾಕ್ಟರು. ಭಾನುವಾರವೇ ಬಂದುಬಿಡು. ಪಾಸ್‌ವರ್ಡನ್ನೂ ನಿನ್ನ ಭಾವನಿಗೆ ಹೇಳಿದೆ, ಬೈಯಬೇಡ. ನನಗೆ ಎಚ್ಚರವಿಲ್ಲದ ಹೊತ್ತಿನಲ್ಲಿ ಆ ತುದಿಯನ್ನು ಒಬ್ಬರು ಹಿಡಿದಿರಬೇಕಲ್ಲ.