ಮಾವ, ಕಪ್ಪಾಗಿರುವುದು ಕಬ್ಬಿಣದ ಮಾತ್ರೆಯಿಂದಲ್ಲ

ಮಾವ, ಸೊಸೆಯಾಗಿ ಇಂಥದ್ದನ್ನು ಬರೆಯುತ್ತಿದ್ದೇನೆ, ಕ್ಷಮಿಸಿ. ಎದುರು ನಿಂತು ಹೇಳಲು ಬಾಯಿ ಬರಲಿಲ್ಲ.

ಟಾಯ್ಲೆಟ್ ತೊಳೆಯುವಾಗ ನೋಡಿದೆ. ಮಲ ಡಾಂಬರಿನಂತೆ ಕಪ್ಪಗಿದೆ. ನಿಮ್ಮ ಮಗನ ಕೈಲಿ ಕೇಳಿಸಿದರೆ, "ಕಬ್ಬಿಣದ ಮಾತ್ರೆ ತಗೊಂಡ್ರೆ ಹಾಗೇ ಆಗತ್ತೆ. ಸಂಜೆ ಕ್ಲಾಸಿಗೆ ಹೋಗಿ ನಿನ್ನ ಹೆಂಡ್ತಿ ಡಾಕ್ಟರಾದ್ಲಾ?" ಅಂದಿರಂತೆ. ಆದರೆ ಕಬ್ಬಿಣದ ಮಾತ್ರೆಯ ಪಟ್ಟಿ ತುಂಬಿಯೇ ಇದೆ, ಒಂದನ್ನೂ ನೀವು ತೆಗೆದಿಲ್ಲ. ಖಾಲಿಯಾಗಿರುವುದು ಮಂಡಿನೋವಿನ ಮಾತ್ರೆಯ ಪಟ್ಟಿ. ಆ ಮಾತ್ರೆಯಿಂದ ಹೊಟ್ಟೆಯ ಒಳಪದರ ಹುಣ್ಣಾಗಿ ರಕ್ತ ಸೋರಿದರೂ ಮಲ ಹೀಗೇ ಕಪ್ಪಾಗುತ್ತದೆ ಎಂದು ಸಂಜೆ ಕ್ಲಾಸಿನಲ್ಲಿ ಹೇಳಿದ್ದರು. ನನ್ನದು ತಪ್ಪಾಗಿದ್ದರೆ ಆಸ್ಪತ್ರೆಯಿಂದ ಬಂದ ಮೇಲೆ ಬೈಯಿರಿ.

ನೀವು ಏಳುವಷ್ಟರಲ್ಲಿ ಗಾಡಿ ತರುತ್ತೇನೆ. ದಮ್ಮಯ್ಯ, ಇನ್ನೊಂದು ಮಂಡಿನೋವಿನ ಮಾತ್ರೆ ನುಂಗಬೇಡಿ. ತಲೆ ಸುತ್ತಿದರೆ, ವಾಂತಿಯಲ್ಲಿ ರಕ್ತ ಕಂಡರೆ ನನಗಾಗಿ ಕಾಯದೆ ಪಕ್ಕದ ಮನೆಯವರನ್ನು ಕೂಗಿ.

ನಾನು ನೋಡಿದ್ದು ಎರಡು ದಿನ. ಅದಕ್ಕೂ ಮೊದಲು ಎಷ್ಟು ದಿನದಿಂದ ಹೀಗಾಗುತ್ತಿದೆಯೋ, ನನಗೆ ಗೊತ್ತಿಲ್ಲ.